‘ಆರೋಗ್ಯ’ಕ್ಕೆ ಉದ್ಧರಣ ಚಿಹ್ನೆ ಬಿದ್ದ ಕಥೆ

2008ರ ಅಕ್ಟೋಬರ್ 15ರ ರಾತ್ರಿ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕೊನೆಯ ಚರ್ಚೆ. ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಒಂದೇ ಮೇಜಿನ ಮುಂದೆ ಡೆಮಾಕ್ರಟ್ ಬರಾಕ್ ಒಬಾಮ ಮತ್ತು ರಿಪಬ್ಲಿಕನ್ ಜಾನ್ ಮೆಕೇನ್ ಕುಳಿತಿದ್ದರು. ಗರ್ಭಪಾತದ ಮಾತು ಬಂತು. ಯಾವುದೇ ನಿಷೇಧದಲ್ಲಿ ತಾಯಿಯ ಪ್ರಾಣಕ್ಕೆ, ಆರೋಗ್ಯಕ್ಕೆ ವಿನಾಯಿತಿ ಇರಬೇಕು ಎಂದರು ಒಬಾಮ. ಮೆಕೇನ್ ಕೈ ಎತ್ತಿ, ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ, ‘ಆರೋಗ್ಯ’ ಎಂಬ ಪದಕ್ಕೆ ಗಾಳಿಯಲ್ಲೇ ಉದ್ಧರಣ ಚಿಹ್ನೆ ಹಾಕಿದರು. ಆ ಪದವನ್ನು ರಬ್ಬರಿನಂತೆ ಎಳೆದು ಏನನ್ನು ಬೇಕಾದರೂ ಅದರೊಳಗೆ ತುಂಬಬಹುದು ಎಂಬುದು ಅವರ ವಾದವಾಗಿತ್ತು.

ಆ ಬೆರಳುಗಳು ಬಾಗುವ ಹೊತ್ತಿಗೆ ಜಗಳಕ್ಕೆ ಮೂವತ್ತೈದು ವರ್ಷ ದಾಟಿತ್ತು. ಇಂದು ಗರ್ಭಪಾತವನ್ನು ವಿರೋಧಿಸುವ ರಿಪಬ್ಲಿಕನ್ ಮತ್ತು ಅದನ್ನು ಹಕ್ಕೆನ್ನುವ ಡೆಮಾಕ್ರಟಿಕ್ ಪಕ್ಷಗಳ ನಡುವೆ ಹುಟ್ಟಿನಿಂದಲೇ ಇದ್ದ ಜಗಳವಂತೂ ಇದಲ್ಲ. ಎಳೆತಂದು ಚುನಾವಣೆಯ ಅಂಗಳದಲ್ಲಿ ಕಟ್ಟಿಹಾಕಿದ್ದು.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಗರ್ಭಪಾತವನ್ನು ಅಪರಾಧವಾಗಿಸಲು ಪಾದ್ರಿಗಳಿಗಿಂತ ಹೆಚ್ಚು ಓಡಾಡಿದವರು ವೈದ್ಯರು. ಅಲ್ಲಿನ ವೈದ್ಯಕೀಯ ಸಂಘ 1850ರ ದಶಕದಲ್ಲೇ ಅಭಿಯಾನ ಶುರುಮಾಡಿತ್ತು. ಶತಮಾನ ಮುಗಿಯುವುದರೊಳಗೆ ಬಹುತೇಕ ಎಲ್ಲ ರಾಜ್ಯಗಳಲ್ಲೂ ಕಾನೂನು ಬಂತು. ತಾಯಿಯ ಜೀವ ಉಳಿಸಲು ಮಾತ್ರ ವಿನಾಯಿತಿ. ಹಾಗೆಂದು ಗರ್ಭಪಾತ ನಿಲ್ಲಲಿಲ್ಲ, ಹಿತ್ತಿಲ ಬಾಗಿಲಿಗೆ ಹೋಯಿತು ಅಷ್ಟೆ. ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಕದ್ದು ಗರ್ಭ ತೆಗೆಸಿಕೊಂಡು ನಂಜೇರಿ ಬಂದವರಿಗೆಂದೇ ಪ್ರತ್ಯೇಕ ವಾರ್ಡ್ ಇತ್ತು. ಅಂಥ ವಾರ್ಡುಗಳಲ್ಲಿ ದುಡಿದ ಮುಂದಿನ ತಲೆಮಾರಿನ ವೈದ್ಯರೇ, ಜೀವದ ಜೊತೆಗೆ ಆರೋಗ್ಯ ಎಂಬ ಪದವನ್ನೂ ಕಾನೂನಿಗೆ ಸೇರಿಸಿ ಎಂದು ಕೇಳತೊಡಗಿದರು.

ಕೇಳಿದವರಿಗೆ ಕಿವಿಗೊಟ್ಟವರು ಯಾರು ಎಂದು ನೋಡಿದರೆ ಇಂದಿನ ಓದುಗರಿಗೆ ತಲೆ ತಿರುಗೀತು. 1967ರಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ಸಹಿ ಹಾಕಿದವರು ರಿಪಬ್ಲಿಕನ್ ರಾಜ್ಯಪಾಲ, ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್. ತಾಯಿಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಧಕ್ಕೆಯಾಗುವಂತಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಟ್ಟ ಕಾನೂನು ಅದು. ಇದೇ ರೇಗನ್ ಮುಂದೆ ಗರ್ಭಪಾತ ವಿರೋಧಿಗಳ ಕಣ್ಮಣಿಯಾದರು. ಆ ಸಹಿಯ ಬಗ್ಗೆ ಪಶ್ಚಾತ್ತಾಪವನ್ನೂ ಪಟ್ಟರು.

ನ್ಯೂಯಾರ್ಕಿನ ಕಥೆ ಇನ್ನೂ ಸ್ವಾರಸ್ಯಕರ. 1970ರ ಏಪ್ರಿಲ್ 9ರಂದು ಅಲ್ಲಿನ ಶಾಸನಸಭೆಯಲ್ಲಿ ಗರ್ಭಪಾತ ಸುಧಾರಣಾ ಮಸೂದೆಯ ಮೇಲೆ ಮತದಾನ. 150 ಸ್ಥಾನಗಳ ಸದನದಲ್ಲಿ 76 ಮತ ಬೇಕು. ಎಣಿಕೆ ಮುಗಿಯುತ್ತ ಬಂದಾಗ ಮಸೂದೆ ಸೋಲುವುದು ಖಚಿತವಾಗಿತ್ತು. ಆಗ ಜಾರ್ಜ್ ಮೈಕೆಲ್ಸ್ ಎಂಬ ಡೆಮಾಕ್ರಟಿಕ್ ಸದಸ್ಯ ನಡುಗುವ ಕೈಗಳಿಂದ ಮೈಕ್ ಹಿಡಿದು ಎದ್ದು ನಿಂತರು. ಅವರ ಕ್ಷೇತ್ರದಲ್ಲಿ ಕ್ಯಾಥೊಲಿಕರೇ ಬಹಳ. ಅವರು ಹಿಂದೆಯೂ ವಿರುದ್ಧ ಮತ ಹಾಕಿದ್ದರು, ಆ ದಿನವೂ ಹಾಕಿದ್ದರು. ಆದರೆ ಮನೆಯಲ್ಲಿ ಮಗ ಒಂದು ಮಾತು ಹೇಳಿದ್ದ: ಈ ಮಸೂದೆಯನ್ನು ಸೋಲಿಸುವ ಮತ ನಿಮ್ಮದಾಗದಿರಲಿ. ನನ್ನ ರಾಜಕೀಯ ಜೀವನ ಇಲ್ಲಿಗೆ ಮುಗಿಯಿತೆಂದು ಗೊತ್ತು ಎನ್ನುತ್ತಲೇ ಮೈಕೆಲ್ಸ್ ತಮ್ಮ ಮತ ಬದಲಿಸಿ ಕುರ್ಚಿಗೆ ಕುಸಿದರು. 76ನೇ ಮತ ಹಾಕಿದವರು ರಿಪಬ್ಲಿಕನ್ ಸ್ಪೀಕರ್. ಸಹಿ ಹಾಕಿದವರು ರಿಪಬ್ಲಿಕನ್ ರಾಜ್ಯಪಾಲ ನೆಲ್ಸನ್ ರಾಕ್‌ಫೆಲ್ಲರ್. ಮೈಕೆಲ್ಸ್‌ಗೆ ಅದೇ ವರ್ಷ ಸ್ವಂತ ಪಕ್ಷವೇ ಮರಳಿ ಅವಕಾಶ ಕೊಡಲಿಲ್ಲ.

ಭಾರತದ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಅಂಗೀಕರಿಸಿದ್ದು ಇದರ ಮರುವರ್ಷ, 1971ರಲ್ಲಿ. ‘ದೈಹಿಕ ಅಥವಾ ಮಾನಸಿಕ ಆರೋಗ್ಯ’ ಎಂಬ ಮಾತು ಅದರಲ್ಲೂ ಇದೆ. ನಮ್ಮಲ್ಲಿ ಯಾವ ಪಕ್ಷವೂ ಇದನ್ನು ಹಿಡಿದು ಮತ ಕೇಳಲಿಲ್ಲ. ಬೆನ್ನು ತಟ್ಟಿಕೊಳ್ಳುವಂಥದ್ದೇನೂ ಇದರಲ್ಲಿಲ್ಲ. ಜನಸಂಖ್ಯೆ ಇಳಿಸುವ ಆತುರದಲ್ಲಿದ್ದ ಸರ್ಕಾರಕ್ಕೆ ಆ ಕಾಯ್ದೆ ಅನುಕೂಲವೇ ಆಗಿತ್ತು. ನಮ್ಮ ರೋಗ ಬೇರೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಬೆಲ್ಲದ ಬದಲು ಭ್ರೂಣಲಿಂಗ ಪತ್ತೆಯ ದಂಧೆ ನಡೆಯುತ್ತಿದ್ದದ್ದು ಬಯಲಾದಾಗ ಅದು ಕಣ್ಣಿಗೆ ರಾಚಿತು.

ಅಮೆರಿಕಕ್ಕೆ ಮರಳೋಣ. 1973ರ ಜನವರಿ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ ‘ರೋ ವರ್ಸಸ್ ವೇಡ್’ ಪ್ರಕರಣದಲ್ಲಿ 7–2ರ ತೀರ್ಪು ಕೊಟ್ಟು ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು ಸಾರಿತು. ಪರವಾಗಿದ್ದ ಏಳು ಮಂದಿಯಲ್ಲಿ ಐವರನ್ನು ನೇಮಿಸಿದವರು ರಿಪಬ್ಲಿಕನ್ ಅಧ್ಯಕ್ಷರು. ವಿರೋಧಿಸಿದ ಇಬ್ಬರಲ್ಲಿ ಒಬ್ಬರು ಡೆಮಾಕ್ರಟ್ ಕೆನಡಿ ನೇಮಿಸಿದ ಬೈರನ್ ವೈಟ್. ಅದೇ ದಿನ ಬಂದ ಇನ್ನೊಂದು ತೀರ್ಪು, ‘ಡೋ ವರ್ಸಸ್ ಬೋಲ್ಟನ್’, ಆರೋಗ್ಯ ಎಂದರೆ ದೇಹದ್ದಷ್ಟೇ ಅಲ್ಲ, ಮನಸ್ಸು, ವಯಸ್ಸು, ಕುಟುಂಬದ ಸ್ಥಿತಿ ಎಲ್ಲವನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದಿತು. ಮೆಕೇನ್ ಬೆರಳು ಬಾಗಿಸಿದ್ದಕ್ಕೆ ಮೂಲ ಇಲ್ಲಿದೆ.

ಹಾಗಾದರೆ ಪಕ್ಷಗಳು ಬೇರೆಬೇರೆಯಾದದ್ದು ಯಾವಾಗ? ತೀರ್ಪಿನಿಂದಲೇ ಎಲ್ಲ ಶುರುವಾಯಿತು ಎನ್ನುವುದು ವಾಡಿಕೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 1972ರ ಗ್ಯಾಲಪ್ ಸಮೀಕ್ಷೆಯಲ್ಲಿ, ಗರ್ಭಪಾತ ಹೆಣ್ಣು ಮತ್ತು ಆಕೆಯ ವೈದ್ಯರಿಗೆ ಬಿಟ್ಟ ವಿಷಯ ಎಂದ ರಿಪಬ್ಲಿಕನ್ನರು ಶೇ 68. ಡೆಮಾಕ್ರಟರು ಅದಕ್ಕಿಂತ ಕಡಿಮೆ. ಆದರೆ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಅವರ ಬಣ ಅಷ್ಟರಲ್ಲೇ ಗಾಳ ಹಾಕಿತ್ತು. ಪರಂಪರೆಯಿಂದ ಡೆಮಾಕ್ರಟರಿಗೆ ಮತ ಹಾಕುತ್ತಿದ್ದ ಕ್ಯಾಥೊಲಿಕರನ್ನು ಸೆಳೆಯಲು ಅಧ್ಯಕ್ಷರು ಗರ್ಭಪಾತವನ್ನು ವಿರೋಧಿಸುತ್ತಿದ್ದ ನ್ಯೂಯಾರ್ಕಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್‌ಗೆ ಬೆಂಬಲದ ಪತ್ರ ಬರೆದರು. ಪ್ರೊಟೆಸ್ಟಂಟರ ದೊಡ್ಡ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ, ತಾಯಿಯ ಆರೋಗ್ಯದಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ನಿರ್ಣಯವನ್ನೇ ಮಾಡಿದ್ದರು. ಅವರು ಕದಲಿದ್ದು ಆಮೇಲೆ.

ಅಯೋವಾ ರಾಜ್ಯದಲ್ಲಿ 1978ರ ಸೆನೆಟ್ ಚುನಾವಣೆಗೆ ಮುಂಚಿನ ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರು ತಮ್ಮ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿರುವುದನ್ನು ಕಂಡರು. ಗರ್ಭಪಾತ ವಿರೋಧಿಗಳು ಇಟ್ಟದ್ದು. ಗೆದ್ದೇಬಿಟ್ಟರು ಎಂದುಕೊಂಡಿದ್ದ ಡೆಮಾಕ್ರಟ್ ಡಿಕ್ ಕ್ಲಾರ್ಕ್ ಮಂಗಳವಾರ ಸೋತರು. ಬಲಪಂಥೀಯ ಸಂಘಟಕ ಪಾಲ್ ವೇರಿಕ್ ಇದನ್ನು ಗಮನಿಸಿದರು. ವರ್ಣಭೇದ ಪಾಲಿಸುವ ಖಾಸಗಿ ಶಾಲೆಗಳ ತೆರಿಗೆ ವಿನಾಯಿತಿ ಕೈತಪ್ಪುತ್ತಿದ್ದ ಸಿಟ್ಟು ಅವರ ಬಳಗದ ಪಾದ್ರಿಗಳಿಗೆ ಆಗಲೇ ಇತ್ತು; ಆದರೆ ಅದನ್ನು ಹೇಳಿಕೊಂಡು ಮತ ಕೇಳುವುದು ಹೇಗೆ? ಶಿಶುವಿನ ಜೀವ ಎಂದರೆ ಯಾರೂ ಮುಖ ತಿರುಗಿಸುವುದಿಲ್ಲ. 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ಅವರ ‘ಮಾರಲ್ ಮೆಜಾರಿಟಿ’ ಸಂಘಟನೆ ಹುಟ್ಟಿತು, 1980ರಲ್ಲಿ ರೇಗನ್ ಗೆದ್ದರು.

ಅಲ್ಲಿಂದ ನಾಯಕರ ಅಂಗಿ ಬದಲಾವಣೆ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಾಗಿದ್ದಾಗ ಕುಟುಂಬ ಯೋಜನೆಗೆ ಎಷ್ಟು ಓಡಾಡುತ್ತಿದ್ದರೆಂದರೆ ಸಹೋದ್ಯೋಗಿಗಳಿಂದ ‘ರಬ್ಬರ್ಸ್’ (ಆಡುಮಾತಿನಲ್ಲಿ ಕಾಂಡೋಮ್) ಎಂಬ ಅಡ್ಡಹೆಸರು ಪಡೆದಿದ್ದ ಹಿರಿಯ ಜಾರ್ಜ್ ಬುಷ್, ರೇಗನ್ ಜೊತೆ ಉಪಾಧ್ಯಕ್ಷರಾಗಲು ಹೊರಟಾಗ ನಿಲುವು ಬದಲಿಸಿದರು. 1982ರಲ್ಲಿ ರೋ ತೀರ್ಪನ್ನು ಬುಡಮೇಲು ಮಾಡಲು ರಾಜ್ಯಗಳಿಗೆ ಅವಕಾಶ ಕೊಡುವ ತಿದ್ದುಪಡಿಗೆ ಸಮಿತಿಯಲ್ಲಿ ಮತ ಹಾಕಿದ್ದ ಜೋ ಬೈಡನ್ ಆಮೇಲೆ ಹಕ್ಕಿನ ಪರ ಬಂದರು. 1999ರಲ್ಲಿ ಟಿವಿಯಲ್ಲಿ ಹೆಣ್ಣಿನ ಆಯ್ಕೆಯ ಪರ ಎಂದಿದ್ದ ಡೊನಾಲ್ಡ್ ಟ್ರಂಪ್ ವಿರೋಧಿಗಳತ್ತ ಹೋದರು. ಗರ್ಭಪಾತದ ಮಾತನಾಡುವ ವಿದೇಶಿ ಸಂಸ್ಥೆಗಳಿಗೆ ನೆರವು ನಿಲ್ಲಿಸುವ 1984ರ ರೇಗನ್ ಆದೇಶವಂತೂ ಏತದಂತಾಯಿತು. ಕ್ಲಿಂಟನ್ ಇಳಿಸಿದರು, ಕಿರಿಯ ಬುಷ್ ಏರಿಸಿದರು, ಒಬಾಮ ಇಳಿಸಿದರು, ಟ್ರಂಪ್ ಏರಿಸಿದರು, ಬೈಡನ್ ಇಳಿಸಿದರು, 2025ರಲ್ಲಿ ಟ್ರಂಪ್ ಮತ್ತೆ ಏರಿಸಿದರು. ವಾಷಿಂಗ್ಟನ್ನಿನಲ್ಲಿ ಒಂದು ಸಹಿ ಬಿದ್ದರೆ ಆಫ್ರಿಕಾದ ಹಳ್ಳಿಯ ಕ್ಲಿನಿಕ್ ಮುಚ್ಚುವ ಸ್ಥಿತಿ.

2022ರ ಜೂನ್ 24ರಂದು ‘ಡಾಬ್ಸ್’ ತೀರ್ಪು ರೋ ತೀರ್ಪನ್ನು ರದ್ದುಮಾಡಿತು. ಟ್ರಂಪ್ ನೇಮಿಸಿದ್ದ ಮೂವರು ನ್ಯಾಯಮೂರ್ತಿಗಳೂ ಅದರ ಪರವಿದ್ದರು. ಅಂದಿನಿಂದ ಆರೋಗ್ಯ ಎಂಬ ಪದ ನಿಜವಾದ ವಾರ್ಡುಗಳಿಗೆ ಬಂತು. ಗರ್ಭಪಾತ ನಿಷೇಧಿಸುವ ಟೆಕ್ಸಾಸಿನ ಕಾನೂನು ಮುರಿದ ವೈದ್ಯರಿಗೆ 99 ವರ್ಷಗಳವರೆಗೆ ಸೆರೆಯಾಗಬಹುದು. ಹೀಗಾಗಿ ನೆತ್ತಿನೀರು ಒಡೆದ ಗರ್ಭಿಣಿ ಮುಂದೆ ಮಲಗಿದ್ದರೂ ಮೊದಲ ಫೋನ್ ವಕೀಲರಿಗೆ. ಜೀವಕ್ಕೆ ಅಪಾಯ ಬಂತೇ, ಇನ್ನೂ ಇಲ್ಲವೇ?

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್, 31 ವರ್ಷದ ದಂತವೈದ್ಯೆ, 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ಹೋದಾಗ ಹದಿನೇಳು ವಾರಗಳ ಗರ್ಭಿಣಿ. ಗರ್ಭ ಉಳಿಯದು ಎಂಬುದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇತ್ತು. ಅಲ್ಲಿನ ಕಾನೂನು ತಾಯಿಯ ಜೀವ ಮತ್ತು ಆರೋಗ್ಯಗಳ ನಡುವೆ ಗೆರೆ ಎಳೆದಿತ್ತು. ಜೀವಕ್ಕೆ ಅಪಾಯವಾದರೆ ಮಾತ್ರ ಕೈಹಾಕಬೇಕು. ನಂಜು ಆ ಗೆರೆಯನ್ನು ಕೇಳಿಕೊಂಡು ಏರಲಿಲ್ಲ. ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಐರ್ಲೆಂಡ್ ವಿಷಯವನ್ನು ಪಕ್ಷಗಳಿಗೆ ಬಿಡಲಿಲ್ಲ. 99 ಸಾಮಾನ್ಯ ನಾಗರಿಕರ ಸಭೆ ಕೂಡಿಸಿ ಚರ್ಚಿಸಿತು. ಎರಡೂ ಮುಖ್ಯ ಪಕ್ಷಗಳು ತಮ್ಮ ಸದಸ್ಯರನ್ನು ಆತ್ಮಸಾಕ್ಷಿಗೆ ಬಿಟ್ಟವು. 2018ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ನಿಷೇಧ ತೆಗೆಯಿರಿ ಎಂದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾ ಅವರ ಚಿತ್ರ ಇತ್ತು. ಮತ ಹಾಕಿ ಬಂದವರು ಅದರ ಸುತ್ತ ಚೀಟಿಗಳನ್ನು ಅಂಟಿಸಿದರು.

ಅಮೆರಿಕದಲ್ಲೂ ಜನರನ್ನು ನೇರವಾಗಿ ಕೇಳಿದಾಗ ಪಕ್ಷದ ಗೋಡೆ ಬಿರುಕು ಬಿಡುತ್ತದೆ. ರಿಪಬ್ಲಿಕನ್ ಕೋಟೆಯಾದ ಕಾನ್ಸಾಸ್ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕು ಕಸಿಯುವ ತಿದ್ದುಪಡಿಯನ್ನು ತಿರಸ್ಕರಿಸಿತು. 2024ರ ನವೆಂಬರ್‌ನಲ್ಲಿ ಮಿಸೌರಿಯ ಮತದಾರರು ಒಂದೇ ಮತಪತ್ರದಲ್ಲಿ ಶೇ 58ರಷ್ಟು ಮತ ಟ್ರಂಪ್‌ಗೂ, ಶೇ 51ಕ್ಕೂ ಹೆಚ್ಚು ಮತ ಗರ್ಭಪಾತದ ಹಕ್ಕಿಗೂ ಕೊಟ್ಟರು. ಆ ತಿದ್ದುಪಡಿಯಲ್ಲಿ ‘ದೈಹಿಕ ಅಥವಾ ಮಾನಸಿಕ ಆರೋಗ್ಯ’ ಎಂದು ಬರೆದಿತ್ತು. ಆರು ತಿಂಗಳಲ್ಲಿ ಅಲ್ಲಿನ ರಿಪಬ್ಲಿಕನ್ ಶಾಸಕರು ಅದನ್ನು ಅಳಿಸುವ ಇನ್ನೊಂದು ತಿದ್ದುಪಡಿಯನ್ನು 2026ರ ಮತಪತ್ರಕ್ಕೆ ಕಳುಹಿಸಿದರು. ಅದರ ವಿನಾಯಿತಿ ಪಟ್ಟಿಯಲ್ಲಿ ಆರೋಗ್ಯದ ಜಾಗದಲ್ಲಿ ಇರುವುದು ‘ವೈದ್ಯಕೀಯ ತುರ್ತುಸ್ಥಿತಿ’.