ಒಂದಿಂಚಿಗೆ ನಾಲ್ಕು ಹೊಡೆತ: ಗಾಲ್ಫ್‌ನಲ್ಲಿ ನಿಯಮ, ಕ್ಯಾಮೆರಾ ಮತ್ತು ಆಟಗಾರನ ಮಾತು

2017ರ ಏಪ್ರಿಲ್ 2, ಭಾನುವಾರ. ಕ್ಯಾಲಿಫೋರ್ನಿಯಾದ ರ್‍ಯಾಂಚೊ ಮಿರಾಜ್‌ನಲ್ಲಿ ಮಹಿಳೆಯರ ಮೇಜರ್ (ವರ್ಷದ ಅತಿ ದೊಡ್ಡ ಟೂರ್ನಿಗಳಲ್ಲೊಂದು) ಎಎನ್‌ಎ ಇನ್‌ಸ್ಪಿರೇಷನ್‌ನ ಕೊನೆಯ ಸುತ್ತು. ಮುನ್ನಡೆಯಲ್ಲಿದ್ದ ಅಮೆರಿಕದ ಲೆಕ್ಸಿ ಥಾಂಪ್ಸನ್ 12ನೇ ಹೋಲ್ ಮುಗಿಸಿ 13ನೇ ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಕಡೆ ಹೊರಟಾಗ ಅಧಿಕಾರಿಯೊಬ್ಬರು ತಡೆದು ಸುದ್ದಿ ತಿಳಿಸಿದರು: ನಿಮ್ಮ ಸ್ಕೋರಿಗೆ ನಾಲ್ಕು ಹೊಡೆತಗಳ ದಂಡ ಸೇರಿದೆ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವ ಆಟ ಇದು. ತಪ್ಪು ನಡೆದದ್ದು ಆ ದಿನವಲ್ಲ, ಹಿಂದಿನ ದಿನ, 17ನೇ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ, ಅಡಿಯಷ್ಟೇ ದೂರದ ಒಂದು ಪಟ್‌ಗೆ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಮೊದಲು. ಅದನ್ನು ಕಂಡುಹಿಡಿದವರು ರೆಫರಿಯಲ್ಲ, ಜೊತೆಯಲ್ಲಿ ಆಡುತ್ತಿದ್ದವರೂ ಅಲ್ಲ. ಟಿವಿ ನೋಡುತ್ತಿದ್ದ ಒಬ್ಬ ವೀಕ್ಷಕರು ಇಮೇಲ್ ಕಳಿಸಿದ್ದರು.

ಗ್ರೀನ್ ಮೇಲೆ ಚೆಂಡನ್ನು ಒರೆಸಲು ಎತ್ತಬಹುದು. ಆದರೆ ಎತ್ತುವ ಮುಂಚೆ ಅದಕ್ಕೆ ತಗುಲಿದಂತೆ, ಸಾಮಾನ್ಯವಾಗಿ ಹಿಂಬದಿಯಲ್ಲಿ, ಒಂದು ನಾಣ್ಯ ಇಡಬೇಕು. ಒರೆಸಿದ ಮೇಲೆ ಚೆಂಡನ್ನು ಅದೇ ಜಾಗದಲ್ಲಿಟ್ಟು, ಆಮೇಲೆ ನಾಣ್ಯ ತೆಗೆಯಬೇಕು. ಎಡವಟ್ಟಾಗುವುದು ನಾಣ್ಯ ಒಂದು ಕೋನದಲ್ಲಿದ್ದು, ಚೆಂಡನ್ನು ಇನ್ನೊಂದು ಕೋನದಿಂದ ಮರಳಿ ಇಟ್ಟಾಗ. ಲೆಕ್ಸಿ ವಿಷಯದಲ್ಲಿ ಆಗಿದ್ದೂ ಅದೇ. ವ್ಯತ್ಯಾಸ ಸುಮಾರು ಒಂದು ಇಂಚು. ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು ಹೊಡೆತ, ಆ ದಂಡ ಸೇರಿಸದ ಸ್ಕೋರ್‌ಕಾರ್ಡಿಗೆ ಸಹಿ ಹಾಕಿದ್ದಕ್ಕೆ ಮತ್ತೆರಡು. ಎರಡು ಹೊಡೆತ ಮುಂದಿದ್ದವರು ಎರಡು ಹೊಡೆತ ಹಿಂದೆ ಬಿದ್ದರು. ಅಷ್ಟಾದರೂ ಛಲಬಿಡದೆ, ಸಮನಾದವರ ನಡುವಿನ ನಿರ್ಣಾಯಕ ಆಟವಾದ ಪ್ಲೇಆಫ್‌ವರೆಗೆ ಬಂದು, ದಕ್ಷಿಣ ಕೊರಿಯಾದ ಸೋ ಯೆಯಾನ್ ರ್‍ಯು ಎದುರು ಸೋತರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮಹಿಳಾ ವೃತ್ತಿಪರರ ಎಲ್‌ಪಿಜಿಎ ಟೂರ್‌ಗೆ ಕಾಲಿಟ್ಟ ವರ್ಷವೇ ಅದು.

ಲೆಕ್ಸಿ ಮೋಸ ಮಾಡಿದರು ಎಂದು ಅಧಿಕಾರಿಗಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗಾಲ್ಫ್ ನಿಯಮ ಬಹುಕಾಲ ಆಟಗಾರನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತಲೇ ಇರಲಿಲ್ಲ. ನೆಲದ ಮೇಲೆ ಏನಾಯಿತು ಎಂಬುದಷ್ಟೇ ಅದಕ್ಕೆ ಬೇಕಿತ್ತು. ಈ ಆಟದ ಬಹುಪಾಲು ಜಗಳಗಳ ಮೂಲ ಇಲ್ಲಿದೆ.

ಬರೆದಿಟ್ಟ ನಿಯಮಗಳಲ್ಲಿ ನಮಗೆ ಸಿಗುವ ಅತಿ ಹಳೆಯವು 1744ರವು. ಎಡಿನ್‌ಬರೊ ಸಮೀಪದ ಲೀತ್‌ನಲ್ಲಿ ಬೆಳ್ಳಿಯ ಕ್ಲಬ್ಬಿಗಾಗಿ ಆಡಲು ಹೊರಟ ಗೆಳೆಯರ ಕೂಟವೊಂದು 13 ನಿಯಮ ಬರೆಯಿತು. ಚೆಂಡಿಗೆ ಕುದುರೆಯೋ ನಾಯಿಯೋ ಅಡ್ಡ ಬಂದರೆ ನಿಂತಲ್ಲಿಂದಲೇ ಆಡಬೇಕು ಎಂಬುದೂ ಅದರಲ್ಲಿದೆ; ತೀರ್ಪುಗಾರನ ಮಾತು ಮಾತ್ರ ಎಲ್ಲೂ ಇಲ್ಲ. ಆಗ ಹೆಚ್ಚಾಗಿ ನಡೆಯುತ್ತಿದ್ದದ್ದು ಇಬ್ಬರ ನಡುವಿನ ನೇರ ಪಂದ್ಯ. ಎದುರಾಳಿ ಪಕ್ಕದಲ್ಲೇ ನಡೆಯುತ್ತಿದ್ದ, ಅವನ ಕಣ್ಣೇ ಕಾವಲು. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಚಾಲ್ತಿಗೆ ಬಂದಾಗ ಈ ಕಾವಲು ಸಡಿಲವಾಯಿತು. ಸುಮಾರು 150 ಮಂದಿ 18 ಹೋಲ್‌ಗಳ ಉದ್ದಕ್ಕೂ ಚದುರಿರುತ್ತಾರೆ. ಒಬ್ಬ ಆಟಗಾರನ ಬಹುತೇಕ ಎದುರಾಳಿಗಳು ಅವನನ್ನು ಇಡೀ ದಿನ ನೋಡುವುದೇ ಇಲ್ಲ. ಆಟಗಾರ ತಾನೇ ತನ್ನ ಮೇಲೆ ದಂಡ ಹಾಕಿಕೊಳ್ಳಬೇಕೆಂಬ ಪದ್ಧತಿ ದೊಡ್ಡ ಗುಣದಿಂದ ಹುಟ್ಟಿತೆನ್ನುವುದಕ್ಕಿಂತ ಬೇರೆ ದಾರಿಯಿಲ್ಲದೆ ಉಳಿಯಿತು ಎನ್ನುವುದು ಸರಿ.

ಈ ಪದ್ಧತಿಗೆ ಕೀರ್ತಿ ತಂದವರು ಅಮೆರಿಕದ ಹೆಸರಾಂತ ಆಟಗಾರ ಬಾಬಿ ಜೋನ್ಸ್. 1925ರ ಅಮೆರಿಕ ಓಪನ್, ವೂಸ್ಟರ್ ಕಂಟ್ರಿ ಕ್ಲಬ್, ಮೊದಲ ಸುತ್ತಿನ 11ನೇ ಹೋಲ್. ಎತ್ತರದ ಹುಲ್ಲಿನಲ್ಲಿ ಹೊಡೆಯಲು ನಿಂತಾಗ ಚೆಂಡು ಅಲುಗಿತು ಎಂದು ಅವರೇ ಹೇಳಿದರು. ಬೇರೆ ಯಾರೂ ನೋಡಿರಲಿಲ್ಲ. ಒಂದು ಹೊಡೆತ ಸೇರಿಸಿ 77 ಬರೆಸಿದರು. ನಾಲ್ಕು ಸುತ್ತು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ 291ರಲ್ಲಿ ಸಮ. 18 ಹೋಲ್‌ಗಳ ಪ್ಲೇಆಫ್ ಕೂಡ ಸಮವಾಗಿ, ಮತ್ತೊಂದು 18ರಲ್ಲಿ ಜೋನ್ಸ್ ಒಂದೇ ಹೊಡೆತದಿಂದ ಸೋತರು. ಹೊಗಳಿದವರಿಗೆ ಅವರು ಕೊಟ್ಟ ಉತ್ತರದ ಸಾರ: ಬ್ಯಾಂಕ್ ದೋಚಲಿಲ್ಲವೆಂದು ಯಾರಾದರೂ ಹೊಗಳುತ್ತಾರೆಯೇ?

ಇನ್ನೊಂದು ಜಗಳ ಸ್ಕೋರ್‌ಕಾರ್ಡಿನದು. ನಿಮ್ಮ ಕಾರ್ಡನ್ನು ಬರೆಯುವವರು ಜೊತೆಯಲ್ಲಿ ಆಡುವ ಮಾರ್ಕರ್, ಸರಿನೋಡಿ ಸಹಿ ಹಾಕುವವರು ನೀವು. ಒಟ್ಟು ಕೂಡಿಸುವುದು ಸಮಿತಿಯ ಕೆಲಸ. ಪ್ರತಿ ಹೋಲ್‌ನ ಅಂಕಿ ಮಾತ್ರ ಆಟಗಾರನ ಹೊಣೆ. ತಿಳಿಯದೆ ಬಿದ್ದ ದಂಡಕ್ಕೆ ಈಚೆಗೆ ಸಿಕ್ಕ ವಿನಾಯಿತಿ ಬಿಟ್ಟರೆ, ನಿಜಕ್ಕಿಂತ ಕಡಿಮೆ ಬರೆದಿದ್ದರೆ ಅನರ್ಹ, ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಖಾಯಂ. 1957ರ ಮಹಿಳಾ ಅಮೆರಿಕ ಓಪನ್‌ನಲ್ಲಿ ಜಾಕಿ ಪಂಗ್ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದ್ದರು. ಕಾರ್ಡಿನಲ್ಲಿ 4ನೇ ಹೋಲ್‌ಗೆ 6ರ ಬದಲು 5 ಎಂದಿತ್ತು, ಒಟ್ಟು ಮಾತ್ರ ಸರಿಯಾಗಿಯೇ ಇತ್ತು. ಆದರೂ ಅನರ್ಹ. ಪ್ರಶಸ್ತಿ ಬೆಟ್ಸಿ ರಾಲ್ಸ್ ಪಾಲಾಯಿತು. ಟೂರ್ನಿ ನಡೆದ ವಿಂಗ್ಡ್ ಫುಟ್ ಕ್ಲಬ್ಬಿನ ಸದಸ್ಯರು ಮನಸ್ಸು ತಡೆಯದೆ ಹಣ ಒಟ್ಟುಮಾಡಿ ಪಂಗ್ ಅವರಿಗೆ ಕೊಟ್ಟರು, ಅದು ಮೊದಲ ಬಹುಮಾನಕ್ಕಿಂತ ಹೆಚ್ಚಿತ್ತು. 1968ರಲ್ಲಿ ಪುರುಷರ ಮೇಜರ್ ಟೂರ್ನಿಯಾದ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರದ್ದು ಇದರ ತಿರುಗುಮುರುಗು. 17ನೇ ಹೋಲ್‌ನಲ್ಲಿ ಅವರು ಆಡಿದ್ದು 3, ಮಾರ್ಕರ್ ಟಾಮಿ ಆರನ್ ಬರೆದದ್ದು 4. ಸಹಿ ಬಿತ್ತು, 65 ಹೋಗಿ 66 ಆಯಿತು. ಬಾಬ್ ಗೋಲ್ಬಿ ಜೊತೆ ಮರುದಿನ ಆಡಬೇಕಿದ್ದ ಪ್ಲೇಆಫ್ ಕೈತಪ್ಪಿತು. ಲಕ್ಷಾಂತರ ಜನ ನೋಡಿದ್ದ ಹೊಡೆತವನ್ನು ಕಾಗದ ಅಳಿಸಿಹಾಕಿತು ಎಂದು ಸಿಟ್ಟಾದವರಿದ್ದಾರೆ. ಎಲ್ಲ ಆಟಗಾರರ ಹೊಡೆತವನ್ನೂ ಹೊರಗಿನವರು ಎಣಿಸಲಾಗದ ಕಾಲದಲ್ಲಿ ಸಹಿಯೇ ಕೊನೆಯ ಮಾತು ಎಂಬುದಕ್ಕೆ ಅರ್ಥವಿತ್ತು. ಟಿವಿ ಬಂದ ಮೇಲೂ ಅದು ಹಾಗೆಯೇ ಉಳಿದದ್ದು ತೊಂದರೆ.

ಟಿವಿ ತಂದ ಸಮಸ್ಯೆ ಸಮಯದ್ದು. ತಪ್ಪು ನಡೆದ ಕ್ಷಣದಲ್ಲೇ ತಿಳಿದರೆ ಎರಡು ಹೊಡೆತದಲ್ಲಿ ಮುಗಿಯುತ್ತಿತ್ತು. ಸಹಿ ಹಾಕಿದ ಮೇಲೆ ತಿಳಿದರೆ ಕಾರ್ಡೇ ತಪ್ಪು, ಹಾಗಾಗಿ ಅನರ್ಹ. 1987ರಲ್ಲಿ ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್ ಮೈದಾನದಲ್ಲಿ ಕ್ರೇಗ್ ಸ್ಟ್ಯಾಡ್ಲರ್ ಮರದ ಕೆಳಗಿದ್ದ ಚೆಂಡನ್ನು ಮಂಡಿಯೂರಿ ಹೊಡೆದರು. ಪ್ಯಾಂಟ್ ಒದ್ದೆಯಾಗದಿರಲಿ ಎಂದು ಕೆಳಗೆ ಟವೆಲ್ ಹಾಸಿಕೊಂಡಿದ್ದರು. ನಿಲ್ಲುವ ನೆಲೆಯನ್ನು ಕಟ್ಟಿಕೊಳ್ಳುವುದು ನಿಷಿದ್ಧ, ಟವೆಲ್ ಆ ಲೆಕ್ಕಕ್ಕೆ ಬಂತು. ಮರುದಿನ ಆ ತುಣುಕು ಪ್ರಸಾರವಾದಾಗ ಫೋನ್ ಕರೆಗಳು ಶುರು. ಎರಡನೇ ಸ್ಥಾನ ಮತ್ತು 37,333 ಡಾಲರ್ ಕೈಬಿಟ್ಟವು.

2011ರ ಜನವರಿಯಲ್ಲಿ ಒಂದರ ಹಿಂದೊಂದು ಎರಡು ಪ್ರಕರಣ. ಹವಾಯಿಯಲ್ಲಿ ಕಮಿಲೊ ವಿಜೆಗಾಸ್, ಇಳಿಜಾರಿನಲ್ಲಿ ತನ್ನತ್ತಲೇ ಉರುಳಿ ಬರುತ್ತಿದ್ದ ಚೆಂಡಿನ ದಾರಿಯಿಂದ ಕಿತ್ತುಬಂದ ಹುಲ್ಲಿನ ತುಣುಕನ್ನು ಕ್ಲಬ್ಬಿನಿಂದ ಸರಿಸಿದರು. ಅಬುಧಾಬಿಯಲ್ಲಿ ಪ್ಯಾಡ್ರಿಗ್ ಹ್ಯಾರಿಂಗ್ಟನ್, ನಾಣ್ಯ ತೆಗೆಯುವಾಗ ಬೆರಳು ಚೆಂಡಿಗೆ ಸೋಕಿತು ಎಂದು ಗಮನಿಸಿದರೂ, ಚೆಂಡು ಅಲ್ಲಾಡಿ ಮತ್ತೆ ಅದೇ ಜಾಗಕ್ಕೆ ಬಂತು ಎಂದುಕೊಂಡರು. ನಿಧಾನಗತಿಯ ವಿಡಿಯೊದಲ್ಲಿ ಅದು ಕೂದಲೆಳೆಯಷ್ಟು ಸರಿದದ್ದು ಕಂಡಿತು. ಎರಡರಲ್ಲೂ ವೀಕ್ಷಕರೇ ದೂರುದಾರರು, ಇಬ್ಬರೂ ಅನರ್ಹ. ಆದರೆ ಎರಡೂ ಒಂದೇ ಅಲ್ಲ. ವಿಜೆಗಾಸ್‌ಗೆ ತಾನೇನು ಮಾಡಿದೆ ಎಂದು ಗೊತ್ತಿತ್ತು, ನಿಯಮ ಗೊತ್ತಿರಲಿಲ್ಲ. ಹ್ಯಾರಿಂಗ್ಟನ್‌ಗೆ ನಿಯಮ ಗೊತ್ತಿತ್ತು, ಆದದ್ದೇನು ಎಂದು ತಿಳಿಯುವಂತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಜಾಗತಿಕ ನಿಯಮಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಎರಡನೇ ಬಗೆಯವರಿಗೆ ಅನರ್ಹತೆಯಿಂದ ವಿನಾಯಿತಿ ಕೊಡಬಹುದು ಎಂದವು. ನಿಯಮ ತಿಳಿಯದವರಿಗೆ ಇಲ್ಲ. ಆಟಗಾರನಿಗೆ ಏನು ತಿಳಿದಿತ್ತು ಎಂಬ ಪ್ರಶ್ನೆ ದಂಡದ ಲೆಕ್ಕದೊಳಗೆ ಬಂದದ್ದು ಆಗಲೇ. ನನ್ನ ಪ್ರಕಾರ 2019ರ ದೊಡ್ಡ ಪರಿಷ್ಕರಣೆಗಿಂತ ಮುಖ್ಯವಾದ ತಿರುವು ಇದು.

ಎರಡು ವರ್ಷದಲ್ಲೇ ಈ ಗೆರೆ ಎಷ್ಟು ಮಸುಕು ಎಂದು ಟೈಗರ್ ವುಡ್ಸ್ ಪ್ರಕರಣ ತೋರಿಸಿತು. 2013ರ ಮಾಸ್ಟರ್ಸ್, ಎರಡನೇ ಸುತ್ತು, 15ನೇ ಹೋಲ್. ಅವರ ಹೊಡೆತ ಬಾವುಟದ ಕೋಲಿಗೇ ಬಡಿದು ಹಿಂದಕ್ಕೆ ಪುಟಿದು ನೀರಿಗೆ ಬಿತ್ತು. ಇಂಥ ಕಡೆ ಒಂದು ಹೊಡೆತದ ದಂಡದೊಂದಿಗೆ ಹಿಂದಿನ ಜಾಗಕ್ಕೆ ಆದಷ್ಟು ಹತ್ತಿರ ಚೆಂಡು ಬಿಡಬಹುದು. ಅಥವಾ, ಚೆಂಡು ಕೊನೆಯದಾಗಿ ನೀರಿನ ಅಂಚು ದಾಟಿದ ಬಿಂದುವನ್ನು ಕುಳಿಗೂ ತನಗೂ ನಡುವೆ ನೇರ ಗೆರೆಯಲ್ಲಿಟ್ಟುಕೊಂಡು ಎಷ್ಟು ಬೇಕಾದರೂ ಹಿಂದೆ ಹೋಗಬಹುದು. ವುಡ್ಸ್ ಎರಡನ್ನೂ ಬೆರೆಸಿದರು: ಮೊದಲಿನ ಜಾಗಕ್ಕೆ ಮರಳಿ, ಎರಡು ಗಜ ಹಿಂದಕ್ಕೆ ಸರಿದು ಬಿಟ್ಟೆ ಎಂದು ಸುತ್ತಿನ ನಂತರ ಸಂದರ್ಶನದಲ್ಲಿ ತಾವೇ ಹೇಳಿದರು. ವೀಕ್ಷಕರೊಬ್ಬರ ಕರೆ ಅದಕ್ಕೂ ಮೊದಲೇ ಬಂದಿತ್ತು; ವಿಡಿಯೊ ನೋಡಿದ ಸಮಿತಿ ತಪ್ಪಿಲ್ಲವೆಂದು ತೀರ್ಮಾನಿಸಿ ವುಡ್ಸ್ ಅವರನ್ನು ಕೇಳಿಯೇ ಇರಲಿಲ್ಲ. ಸಂದರ್ಶನದ ನಂತರ ತೀರ್ಪು ಬದಲಾಗಿ ಎರಡು ಹೊಡೆತ ಸೇರಿತು, ಅನರ್ಹತೆ ತಪ್ಪಿತು. ಸಮಿತಿಯ ಅರೆಬರೆ ಕೆಲಸದ ಲಾಭ ಆಟಗಾರನಿಗೆ ಸಿಕ್ಕಿತು. ದೊಡ್ಡ ಹೆಸರಿಗೆ ಬೇರೆ ನ್ಯಾಯ ಎಂಬ ಗುಸುಗುಸು ಎದ್ದದ್ದು ಸಹಜ. ಅಂದಹಾಗೆ, ಈಗಿನ ನಿಯಮದಲ್ಲಿ ಹಿಂದಿನ ಜಾಗದಿಂದ ಒಂದು ಕ್ಲಬ್ಬಿನ ಉದ್ದದೊಳಗೆ, ಕುಳಿಗೆ ಇನ್ನಷ್ಟು ಹತ್ತಿರವಾಗದಂತೆ, ಎಲ್ಲಿ ಬೇಕಾದರೂ ಬಿಡಬಹುದು. ಇಂಥ ದೊಡ್ಡ ಟೂರ್ನಿಗಳಲ್ಲಿ ಅತಿ ಉದ್ದದ ಕ್ಲಬ್ಬಾದ ಡ್ರೈವರ್ ಕೂಡ 46 ಇಂಚು ಮೀರುವಂತಿಲ್ಲ, ಎರಡು ಗಜವೆಂದರೆ 72. ಇಂದಿಗೂ ಅದು ತಪ್ಪೇ.

2016ರ ಅಮೆರಿಕ ಓಪನ್‌ನಲ್ಲಿ ಇನ್ನೊಂದು ವಿಚಿತ್ರ. ಓಕ್‌ಮಾಂಟ್‌ನ 5ನೇ ಗ್ರೀನ್ ಮೇಲೆ ಡಸ್ಟಿನ್ ಜಾನ್ಸನ್ ಚೆಂಡು ಅಲುಗಿತು. ಅವರೇ ರೆಫರಿಯನ್ನು ಕರೆದರು, ನಾನು ಅಲುಗಿಸಲಿಲ್ಲ ಎಂದರು, ರೆಫರಿ ಒಪ್ಪಿದರು. ಆದರೆ 12ನೇ ಟೀಯಲ್ಲಿ ಅಧಿಕಾರಿಗಳು ಬಂದು, ಆಟ ಮುಗಿದ ಮೇಲೆ ದಂಡ ಬೀಳಬಹುದು ಎಂದರು. ಕೊನೆಯ ಏಳು ಹೋಲ್‌ಗಳನ್ನು ಮುಂದಿದ್ದವರೂ ಬೆನ್ನಟ್ಟುತ್ತಿದ್ದವರೂ ನಿಜವಾದ ಸ್ಕೋರ್ ತಿಳಿಯದೆ ಆಡಿದರು. ಒಂದು ಹೊಡೆತದ ದಂಡ ಬಿದ್ದೂ ಜಾನ್ಸನ್ ಮೂರು ಹೊಡೆತಗಳಿಂದ ಗೆದ್ದದ್ದರಿಂದ ಯುಎಸ್‌ಜಿಎ ಮರ್ಯಾದೆ ಉಳಿಯಿತು. ಗ್ರೀನ್ ಮೇಲೆ ಅಕಸ್ಮಾತ್ತಾಗಿ ಚೆಂಡು ಅಲುಗಿದರೆ ದಂಡವಿಲ್ಲ ಎಂಬ ಸ್ಥಳೀಯ ನಿಯಮ 2017ರ ಜನವರಿಯಲ್ಲಿ ಬಂತು.

ಲೆಕ್ಸಿಗೆ ಬಿದ್ದ ನಾಲ್ಕು ಹೊಡೆತವೂ ಅಸಲಿಗೆ ಮೆದುವಾದ ನಿಯಮದ ಫಲ. ಮೊದಲಿನ ಕಾಲದಲ್ಲಿ ನೇರ ಅನರ್ಹತೆ. ತಿಳಿಯದೆ ತಪ್ಪಾದ ಕಾರ್ಡಿಗೆ ಹೆಚ್ಚುವರಿ ಎರಡು ಹೊಡೆತ ಸಾಕು ಎಂದಾದದ್ದು 2016ರಲ್ಲಿ. ಆದರೂ ಜನ ರೊಚ್ಚಿಗೆದ್ದರು. ಅದೇ ಏಪ್ರಿಲ್‌ನಲ್ಲಿ ಎರಡು ಅಳತೆಗೋಲು ಘೋಷಣೆಯಾದವು. ವಿಡಿಯೊದಲ್ಲಿ ಕಂಡದ್ದು ಬರಿಗಣ್ಣಿಗೆ ಕಾಣುವಂತಿರಲಿಲ್ಲ ಎಂದಾದರೆ ಲೆಕ್ಕಕ್ಕಿಲ್ಲ. ಜಾಗ, ದೂರ, ಗೆರೆ ಅಂದಾಜು ಮಾಡುವಾಗ ಆಟಗಾರ ಸಾಧ್ಯವಿದ್ದಷ್ಟು ಎಚ್ಚರ ವಹಿಸಿದ್ದರೆ, ಆಮೇಲೆ ಅಂದಾಜು ತಪ್ಪೆಂದು ಗೊತ್ತಾದರೂ ದಂಡವಿಲ್ಲ. 2018ರ ಆರಂಭದಿಂದ ವೀಕ್ಷಕರ ಕರೆ, ಇಮೇಲ್ ಪರಿಗಣಿಸುವುದು ನಿಂತಿತು. ಪ್ರಸಾರ ನೋಡಲೆಂದೇ ಅಧಿಕಾರಿಯನ್ನು ಕೂರಿಸಿದರು. ಕಾರ್ಡಿನ ಹೆಚ್ಚುವರಿ ಎರಡು ಹೊಡೆತವೂ ಹೋಯಿತು. 2019ರ ಹೊಸ ನಿಯಮಾವಳಿಯಲ್ಲಿ 34 ನಿಯಮಗಳು 24ಕ್ಕೆ ಇಳಿದು, ಈ ಅಳತೆಗೋಲುಗಳು ಪುಸ್ತಕದ ಭಾಗವಾದವು. ವೀಕ್ಷಕರನ್ನು ಹೊರಗಿಟ್ಟದ್ದಕ್ಕೆ ಒಳ್ಳೆಯ ಕಾರಣವಿತ್ತು: ಕ್ಯಾಮೆರಾ ಸದಾ ಇರುವುದು ಮುಂಚೂಣಿಯವರ ಹಿಂದೆ, 90ನೇ ಸ್ಥಾನದವರ ಹಿಂದೆ ಅಲ್ಲ.

ಎಷ್ಟು ಒಳ್ಳೆಯದಾದರೂ ಈ ಬದಲಾವಣೆ ಜಗಳ ನಿಲ್ಲಿಸಲಿಲ್ಲ, ಜಾಗ ಬದಲಿಸಿತು. ಮೊದಲು ವಾದ ಏನಾಯಿತು ಎಂಬುದರ ಮೇಲೆ, ಈಗ ಅವರಿಗೆ ಏನು ಗೊತ್ತಿತ್ತು ಎಂಬುದರ ಮೇಲೆ. 2021ರ ಜನವರಿ, ಟೋರಿ ಪೈನ್ಸ್, ಪ್ಯಾಟ್ರಿಕ್ ರೀಡ್. ಚೆಂಡು ಬಿದ್ದ ಹೊಡೆತಕ್ಕೆ ತಾನೇ ಮಾಡಿದ ಗುಂಡಿಯಲ್ಲಿ, ನೆಲದ ಮಟ್ಟಕ್ಕಿಂತ ಕೆಳಗೆ ಹೂತಿದ್ದರೆ ಮಾತ್ರ ದಂಡವಿಲ್ಲದೆ ಎತ್ತಿ ಪಕ್ಕದಲ್ಲಿ ಬಿಡಬಹುದು. ಗುರುತಿಟ್ಟು ಎತ್ತಿ ನೋಡಲು ಅವಕಾಶವಿದೆ. ಜೊತೆಗಾರರಿಗೆ ಮೊದಲೇ ಹೇಳಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದಿದ್ದರು. ಚೆಂಡು ಪುಟಿಯಿತೇ ಎಂದು ರೀಡ್ ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದರು, ಇಲ್ಲವೆಂದರು. ರೀಡ್ ಚೆಂಡು ಎತ್ತಿ, ಆಮೇಲೆ ರೆಫರಿಯನ್ನು ಕರೆದರು. ರೆಫರಿ ಮುಟ್ಟಿ ನೋಡಿದ್ದು ಚೆಂಡಿಲ್ಲದ ಗುಂಡಿಯನ್ನು. ವಿಡಿಯೊದಲ್ಲಿ ಚೆಂಡು ಒಮ್ಮೆ ಪುಟಿದದ್ದು ಸ್ಪಷ್ಟ, ಪುಟಿದ ಚೆಂಡು ಹೂತುಕೊಳ್ಳುವುದು ಬಲು ಅಪರೂಪ. ಪುರುಷರ ವೃತ್ತಿಪರ ಟೂರ್ನಿಗಳನ್ನು ನಡೆಸುವ ಪಿಜಿಎ ಟೂರ್ ಮಾತ್ರ ತಪ್ಪಿಲ್ಲ ಎಂದಿತು. ಕೈಪಿಡಿ ಪ್ರಕಾರ ಅದು ಸರಿ: ಆ ಕ್ಷಣಕ್ಕೆ ಸಿಕ್ಕ ಮಾಹಿತಿ ಇಟ್ಟುಕೊಂಡು ರೀಡ್ ನಡೆದಿದ್ದರು. ಆದರೆ 2019ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಚೆಂಡಿನ ಹಿಂದಿನ ಮರಳನ್ನು ಕ್ಲಬ್ಬಿನಿಂದ ಸರಿಸಿ ಎರಡು ಹೊಡೆತ ಕಟ್ಟಿದವರೂ ಅವರೇ. ಹಿಂದಿನ ದಾಖಲೆ ನೋಡಿ ತೀರ್ಪು ಕೊಡಲು ನಿಯಮದಲ್ಲಿ ಜಾಗವಿಲ್ಲ. ನೋಡುವವರ ಮನಸ್ಸಿನಲ್ಲಿ ಇದೆ.

ಇನ್ನು ಕೆಲವರಿಗೆ ನಿಯಮ ತಡವಾಗಿ ಮೆತ್ತಗಾಯಿತು. 2010ರಲ್ಲಿ ಹಿಲ್ಟನ್ ಹೆಡ್‌ನ ಪ್ಲೇಆಫ್‌ನಲ್ಲಿ ಬ್ರಿಯಾನ್ ಡೇವಿಸ್ ನೀರಂಚಿನ ನಿರ್ಬಂಧಿತ ಜಾಗದಲ್ಲಿ (ಹಜಾರ್ಡ್) ಕ್ಲಬ್ ಹಿಂದಕ್ಕೆ ಎತ್ತುವಾಗ ಬಿಡಿಯಾಗಿ ಬಿದ್ದಿದ್ದ ಜೊಂಡಿನ ಕಡ್ಡಿಗೆ ತಾಗಿತೆಂದು ತಾವೇ ಅಧಿಕಾರಿಯನ್ನು ಕರೆದರು. ಎರಡು ಹೊಡೆತ ಬಿತ್ತು, ಜಿಮ್ ಫ್ಯೂರಿಕ್ ಗೆದ್ದರು. ಡೇವಿಸ್‌ಗೆ ಅದು ಪಿಜಿಎ ಟೂರ್‌ನ ಮೊದಲ ಗೆಲುವಾಗಬಹುದಿತ್ತು. ಇಂದು ಅಂಥ ಜಾಗದಲ್ಲಿ ಬಿಡಿ ಕಡ್ಡಿ ಮುಟ್ಟಿದರೆ ದಂಡವೇ ಇಲ್ಲ.

ಮರಳಿನ ನಿಯಮ ಮಾತ್ರ ಪೂರ್ತಿ ಸಡಿಲವಾಗಿಲ್ಲ. ಬಂಕರ್ ಎಂಬ ಮರಳಿನ ಗುಂಡಿಯಲ್ಲಿ ಕ್ಲಬ್ ಹಿಂದಕ್ಕೆ ಎತ್ತುವಾಗ ಮರಳು ಮುಟ್ಟಿದರೆ ಎರಡು ಹೊಡೆತ. 2024ರ ಟೂರ್ ಚಾಂಪಿಯನ್‌ಷಿಪ್‌ನ ಮೂರನೇ ಸುತ್ತಿನಲ್ಲಿ ಭಾರತ ಮೂಲದ ಸಾಹಿತ್ ತೀಗಲ ಒಂದೆರಡು ಕಾಳು ಮರಳು ಅಲುಗಿತು ಎಂದು ತಾವಾಗಿ ಹೇಳಿದರು. ವಿಡಿಯೊ ನೋಡಿಯೂ ಖಚಿತವಾಗಿ ಹೇಳುವಂತಿರಲಿಲ್ಲ; ಅವರ ಮಾತಿನ ಮೇಲೆಯೇ ದಂಡ ಬಿತ್ತು. ಮೂರನೇ ಸ್ಥಾನಕ್ಕೆ 75 ಲಕ್ಷ ಡಾಲರ್ ಸಿಕ್ಕಿತು. ಆ ಎರಡು ಹೊಡೆತ ಇಲ್ಲದಿದ್ದರೆ ಎರಡನೇ ಸ್ಥಾನದ ಕಾಲಿನ್ ಮೊರಿಕಾವಾ ಜೊತೆ ಸಮ. ಎರಡು ಮತ್ತು ಮೂರನೇ ಬಹುಮಾನ ಸೇರಿಸಿ ಹಂಚಿದರೆ ತಲಾ ಒಂದು ಕೋಟಿ.

2025ರ ಜುಲೈನಲ್ಲಿ ಉತ್ತರ ಐರ್ಲೆಂಡಿನ ಪೋರ್ಟ್‌ರಶ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಐರ್ಲೆಂಡಿನ ಶೇನ್ ಲೌರಿ ಅವರದ್ದು ಇದಕ್ಕೆ ವಿರುದ್ಧ ದಿಕ್ಕು. 12ನೇ ಹೋಲ್‌ನಲ್ಲಿ ಅಭ್ಯಾಸದ ಬೀಸಿನ ವೇಳೆ ಚೆಂಡು ಸರಿದದ್ದು ವಿಡಿಯೊದಲ್ಲಿ ಕಂಡಿತು. ತಾನು ನೋಡಿಲ್ಲ ಎಂದ ಲೌರಿ, ವಾದ ಬೆಳೆಸದೆ ಎರಡು ಹೊಡೆತ ಒಪ್ಪಿಕೊಂಡರು. ಮೋಸಗಾರನೆಂಬ ಹಣೆಪಟ್ಟಿ ತಮಗೆ ಬೇಡ ಎಂಬುದು ಅವರ ಮಾತಿನ ಸಾರ. ಬರಿಗಣ್ಣಿನ ನಿಯಮ ಕಾಪಾಡಬೇಕಿದ್ದದ್ದು ಇಂಥ ಸಂದರ್ಭದಲ್ಲೇ. ಆದರೆ ಬರಿಗಣ್ಣಿಗೆ ಕಾಣುತ್ತಿತ್ತೇ ಎಂಬುದನ್ನು ನಿರ್ಧರಿಸುವವರು ಮತ್ತೆ ವಿಡಿಯೊ ಮುಂದೆ ಕೂತ ಅಧಿಕಾರಿಗಳೇ.