‘ಎಲ್ಲಾ ಡಿ ಡ್ರೈವ್‌ನಲ್ಲಿದೆ’ ಅನ್ನುವವರಿಗೆ

ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುನ್ನ ಬ್ಯಾಕಪ್ ಆಗಿದೆಯಾ ಎಂದು ಕೇಳಿದರೆ ಬಹಳಷ್ಟು ಮಂದಿ ಕೊಡುವ ಉತ್ತರ ಒಂದೇ: ‘ಎಲ್ಲಾ ಡಿ ಡ್ರೈವ್‌ನಲ್ಲಿದೆ ಸರ್, ಸಿ ಹೋದರೆ ಹೋಗಲಿ.’ ಪತ್ರ, ಫೋಟೊ, ಎಕ್ಸೆಲ್ ಶೀಟುಗಳ ಮಟ್ಟಿಗೆ ಈ ಮಾತು ಸರಿ. ನಾವೇ ಹೆಸರು ಕೊಟ್ಟು, ಜಾಗ ತೋರಿಸಿ ಸೇವ್ ಮಾಡಿದ ಫೈಲು ನಾವಿಟ್ಟ ಕಡೆಯೇ ಇರುತ್ತದೆ. ಆದರೆ ತಂತ್ರಾಂಶಗಳು ನಮ್ಮನ್ನು ಕೇಳದೆ ತಾವಾಗಿಯೇ ಬರೆದಿಡುವ ಸಂಗತಿಗಳು ಬೇಕಾದಷ್ಟಿವೆ. ಬ್ರೌಸರಿನ ಬುಕ್‌ಮಾರ್ಕು, ಸ್ಟಿಕಿ ನೋಟ್ಸ್ ಚೀಟಿಗಳು, ಥಂಡರ್‌ಬರ್ಡ್‌ಗೆ ಇಳಿದ ಇಮೇಲು, ನಿಘಂಟಿಗೆ ಸೇರಿಸಿದ ಪದಗಳು ಇವೆಲ್ಲ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ, ಅದೂ ಕಣ್ಣಿಗೆ ಕಾಣದ ಫೋಲ್ಡರಿನಲ್ಲಿ. ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಜನ ಹೆಚ್ಚು ಸಂಕಟಪಟ್ಟಿದ್ದನ್ನು ಕಂಡಿರುವುದು ಇವು ಕಳೆದಾಗಲೇ. ಪತ್ರ ಹೋದರೆ ಅದರ ಪ್ರತಿ ಯಾರದೋ ಇಮೇಲಿನಲ್ಲಾದರೂ ಸಿಗುತ್ತದೆ. ಚೀಟಿಯಲ್ಲಿ ಬರೆದಿಟ್ಟಿದ್ದು ಇನ್ನೆಲ್ಲೂ ಇರುವುದಿಲ್ಲ.

ವಿಂಡೋಸ್‌ನಲ್ಲಿ ಆ ಫೋಲ್ಡರಿನ ಹೆಸರು ಆ್ಯಪ್‌ಡೇಟಾ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಇದು. ಇದನ್ನು ಮರೆಮಾಡಿಟ್ಟಿರುತ್ತಾರಾದ್ದರಿಂದ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಮಾತ್ರ ಕಾಣುತ್ತದೆ. ಒಳಗೆ ಮುಖ್ಯವಾಗಿ ಎರಡು ಭಾಗ: ರೋಮಿಂಗ್ ಮತ್ತು ಲೋಕಲ್. ದೊಡ್ಡ ಕಚೇರಿಯ ನೆಟ್‌ವರ್ಕ್‌ನಲ್ಲಿ ಒಬ್ಬರು ಯಾವ ಕಂಪ್ಯೂಟರಿಗೆ ಲಾಗಿನ್ ಆದರೂ ಸರ್ವರ್ ಮೂಲಕ ಅವರ ಹಿಂದೆಯೇ ಬರಬೇಕಾದದ್ದು ರೋಮಿಂಗ್‌ಗೆ, ಆ ಒಂದು ಯಂತ್ರದಲ್ಲೇ ಉಳಿಯಬೇಕಾದದ್ದು ಲೋಕಲ್‌ಗೆ ಎಂಬುದು ಮೈಕ್ರೋಸಾಫ್ಟ್‌ನ ಲೆಕ್ಕಾಚಾರ. ತಂತ್ರಾಂಶ ಬರೆಯುವವರು ಇದನ್ನು ತಮಗೆ ತೋಚಿದಂತೆ ಪಾಲಿಸುತ್ತಾರೆ. ಫೈರ್‌ಫಾಕ್ಸ್ ಬ್ರೌಸರ್ ತನ್ನ ಪ್ರೊಫೈಲನ್ನು, ಅಂದರೆ ಬುಕ್‌ಮಾರ್ಕು, ಸೆಟ್ಟಿಂಗುಗಳಿರುವ ಫೋಲ್ಡರನ್ನು, ರೋಮಿಂಗ್‌ನಲ್ಲಿಡುತ್ತದೆ, ಕ್ರೋಮ್ ಲೋಕಲ್‌ನಲ್ಲಿ. ಹಾಗಾಗಿ ‘ಸೆಟ್ಟಿಂಗ್ಸ್ ಎಲ್ಲಾ ರೋಮಿಂಗ್‌ನಲ್ಲಿರುತ್ತೆ’ ಎಂದು ಅದೊಂದನ್ನೇ ಕಾಪಿ ಮಾಡಿಕೊಂಡವರ ಕ್ರೋಮ್ ಬುಕ್‌ಮಾರ್ಕುಗಳು ಹಳೆಯ ಡಿಸ್ಕಿನ ಜೊತೆಗೇ ಅಳಿಸಿಹೋಗುತ್ತವೆ.

ಸ್ಟಿಕಿ ನೋಟ್ಸ್ ನೋಡಿ. ವಿಂಡೋಸ್ 10 ಕಾಲದಿಂದ ಬಂದ ಆವೃತ್ತಿಯಲ್ಲಿ ಚೀಟಿಗಳು ಇರುವುದು ಲೋಕಲ್ ಒಳಗಿನ ಪ್ಯಾಕೇಜಸ್, ಅದರೊಳಗೆ ಮೈಕ್ರೋಸಾಫ್ಟ್ ಸ್ಟಿಕಿ ನೋಟ್ಸ್ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಫೋಲ್ಡರ್, ಅದರೊಳಗಿನ ಲೋಕಲ್‌ಸ್ಟೇಟ್‌ನಲ್ಲಿ. ಎಲ್ಲ ಚೀಟಿಗಳೂ ಸೇರಿ ಒಂದೇ ಫೈಲು, ಹೆಸರು ‘ಪ್ಲಮ್ ಡಾಟ್ ಎಸ್‌ಕ್ಯೂಲೈಟ್’. ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ ‘ವಾಲ್’ ಎಂದು ಸೇರಿಸಿದ ಇನ್ನೊಂದು ಫೈಲು ಇರಬಹುದು. ಇದನ್ನು ಕಸವೆಂದು ಬಿಡಬಾರದು. ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೊಸದಾಗಿ ಬರೆದಿದ್ದು ಮೊದಲು ಹೋಗಿ ಕೂರುವುದು ಇಲ್ಲಿ, ಮುಖ್ಯ ಫೈಲಿಗೆ ಸೇರುವುದು ಆಮೇಲೆ. ಮುಖ್ಯ ಫೈಲನ್ನಷ್ಟೇ ತಂದರೆ ಹಳೆಯ ಚೀಟಿಗಳು ಬರುತ್ತವೆ, ನಿನ್ನೆ ಬರೆದದ್ದು ಬಾರದೇ ಹೋಗಬಹುದು. ಯಾವುದೇ ತಂತ್ರಾಂಶದ ಡೇಟಾ ನಕಲು ಮಾಡುವ ಮುನ್ನ ಅದನ್ನು ಪೂರ್ತಿ ಮುಚ್ಚಿ, ಇಡೀ ಫೋಲ್ಡರನ್ನೇ ತೆಗೆದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ವಿಂಡೋಸ್ ಬಿಟ್ಟು ಬೇರೆ ಕಡೆ ಹೇಗೆ? ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುವ ಉಚಿತ ಕಚೇರಿ ತಂತ್ರಾಂಶ ಲಿಬ್ರೆ ಆಫೀಸಿನಲ್ಲಿ ಕೆಲಸ ಮಾಡುವವರನ್ನೇ ತೆಗೆದುಕೊಳ್ಳಿ. ಊರಿನ ಹೆಸರು, ಮನೆತನದ ಹೆಸರು, ಆಡುಮಾತಿನ ಪದಗಳ ಕೆಳಗೆ ಕೆಂಪು ಗೆರೆ ಬಂದಾಗಲೆಲ್ಲ ನಿಘಂಟಿಗೆ ಸೇರಿಸುತ್ತಾ ಹೋಗಿರುತ್ತಾರೆ. ವರ್ಷಗಟ್ಟಲೆ ಕೂಡಿದ ಆ ಪದಗಳೆಲ್ಲ ‘ಸ್ಟ್ಯಾಂಡರ್ಡ್ ಡಾಟ್ ಡಿಕ್’ ಎಂಬ ಒಂದು ಚಿಕ್ಕ ಫೈಲಿನಲ್ಲಿವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲೆ ನಾಲ್ಕೈದು ಸಾಲಿನ ತಲೆಬರಹ, ಕೆಳಗೆ ಸಾಲಿಗೊಂದರಂತೆ ನಿಮ್ಮ ಪದಗಳು. ವಿಂಡೋಸ್‌ನಲ್ಲಿ ಇದು ರೋಮಿಂಗ್ ಒಳಗೆ ಲಿಬ್ರೆ ಆಫೀಸ್, 4, ಯೂಸರ್, ವರ್ಡ್‌ಬುಕ್ ಎಂಬ ದಾರಿಯಲ್ಲಿ ಸಿಗುತ್ತದೆ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ ‘ಡಾಟ್ ಕಾನ್ಫಿಗ್’ ಒಳಗೆ, ಮ್ಯಾಕ್‌ನಲ್ಲಿ ಲೈಬ್ರರಿಯ ಅಪ್ಲಿಕೇಶನ್ ಸಪೋರ್ಟ್ ಒಳಗೆ. ಅಲ್ಲಿಂದ ಮುಂದೆ ಮೂರರಲ್ಲೂ ದಾರಿ ಒಂದೇ. ತಂತ್ರಾಂಶದ ಆವೃತ್ತಿ ಎಷ್ಟೇ ಮುಂದೆ ಹೋಗಿದ್ದರೂ ಆ 4 ಎಂಬ ಫೋಲ್ಡರ್ ಹಾಗೇ ಉಳಿದಿದೆ, ಅದನ್ನು ನೋಡಿ ಹಳೆಯದೆಂದು ಅಳಿಸಬೇಡಿ.

ಮ್ಯಾಕ್‌ನಲ್ಲಿ 2011ರ ಲಯನ್ ಆವೃತ್ತಿಯಿಂದೀಚೆಗೆ ಈ ಲೈಬ್ರರಿಯನ್ನೂ ಮರೆಮಾಡಿದ್ದಾರೆ. ಫೈಂಡರಿನ ಗೋ ಮೆನು ತೆರೆದು ಆಪ್ಷನ್ ಕೀ ಒತ್ತಿ ಹಿಡಿದರೆ ಕಾಣಿಸಿಕೊಳ್ಳುತ್ತದೆ. ಆಪ್ ಸ್ಟೋರಿನಿಂದ ಹಾಕಿಕೊಂಡ ತಂತ್ರಾಂಶಗಳ ಡೇಟಾವನ್ನು ಅದರೊಳಗಿನ ಕಂಟೇನರ್ಸ್ ಎಂಬಲ್ಲಿ ಹುಡುಕಬೇಕು.

ಲಿನಕ್ಸ್‌ನಲ್ಲಿ ಹೆಸರಿನ ಮೊದಲಿಗೆ ಚುಕ್ಕೆ ಇದ್ದರೆ ಫೈಲು ಮರೆಯಾಗುತ್ತದೆ. ಇದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಆರಂಭದ ದಿನಗಳಲ್ಲಿ ಫೈಲುಗಳ ಪಟ್ಟಿ ತೋರಿಸುವ ಆಜ್ಞೆಯ ಕೋಡಿನಲ್ಲಿ ಹಿಡಿದ ಒಂದು ಅಡ್ಡದಾರಿಯಿಂದ ಆದದ್ದು ಎಂದು ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ವಿವರಿಸಿದ್ದಾರೆ. ಆಮೇಲೆ ಪ್ರತಿ ತಂತ್ರಾಂಶವೂ ಹೋಮ್ ಫೋಲ್ಡರಿನಲ್ಲಿ ತನ್ನದೊಂದು ಚುಕ್ಕೆ ಫೈಲು ಸುರಿಯತೊಡಗಿತು. ಇದನ್ನು ಸರಿಪಡಿಸಲು 2003ರಲ್ಲಿ ಬಂದ ಎಕ್ಸ್‌ಡಿಜಿ ನಿಯಮ ಸೆಟ್ಟಿಂಗು, ಡೇಟಾ, ಕ್ಯಾಷ್ (ಕಳೆದರೂ ಮತ್ತೆ ತಯಾರಾಗುವ ತಾತ್ಕಾಲಿಕ ಫೈಲುಗಳು) ಮೂರಕ್ಕೂ ಬೇರೆ ಬೇರೆ ಜಾಗ ಗೊತ್ತುಮಾಡಿತು. ಮೂರು ವ್ಯವಸ್ಥೆಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ, ಏನನ್ನು ಉಳಿಸಬೇಕು ಏನನ್ನು ಬಿಡಬಹುದು ಎಂಬುದು ಫೋಲ್ಡರಿನ ಹೆಸರಿನಲ್ಲೇ ತಿಳಿಯುತ್ತದೆ. ಈಗ ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಕಟ್ಟಾಗಿ ಕೊಡುವ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಬಂದು ಮತ್ತೆ ಜಾಗ ಬದಲಾಗಿದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬರುವುದರಿಂದ ಅದರ ಪ್ರೊಫೈಲು ಹೋಮ್‌ನ ‘ಸ್ನ್ಯಾಪ್’ ಫೋಲ್ಡರಿನಲ್ಲಿರುತ್ತದೆ.

ಇಷ್ಟನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ತಂತ್ರಾಂಶವನ್ನೇ ಕೇಳಬಹುದು. ಲಿಬ್ರೆ ಆಫೀಸಿನ ಆಯ್ಕೆಗಳಲ್ಲಿ ಪಾತ್ಸ್ ಎಂಬ ಪುಟವಿದೆ. ಫೈರ್‌ಫಾಕ್ಸ್‌ನ ಹೆಲ್ಪ್ ಮೆನುವಿನಲ್ಲಿರುವ ಟ್ರಬಲ್‌ಶೂಟಿಂಗ್ ಪುಟ ಪ್ರೊಫೈಲ್ ಫೋಲ್ಡರನ್ನು ತೆರೆದೇ ತೋರಿಸುತ್ತದೆ.

ಒನ್‌ಡ್ರೈವ್ ಆನ್ ಮಾಡಿದ್ದೇನೆ, ಇನ್ನೇನು ಭಯ ಎನ್ನುವವರಿಗೂ ಒಂದು ಮಾತು. ಅದರ ಬ್ಯಾಕಪ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳಿಗೆ. ಆ್ಯಪ್‌ಡೇಟಾ ಅದರಲ್ಲಿ ಸೇರುವುದಿಲ್ಲ.

ಪರಿಚಯದವರಿಂದ ಬರೆಸಿಕೊಂಡ ಹಳೆಯ ಬಿಲ್ಲಿಂಗ್ ತಂತ್ರಾಂಶಗಳ ಕಥೆಯೇ ಬೇರೆ. ಇವುಗಳಲ್ಲಿ ಹಲವು ವಿಂಡೋಸ್ ಎಕ್ಸ್‌ಪಿ ಕಾಲದವು, ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗುತ್ತವೆ. ಅದರ ನಂತರದ ವಿಂಡೋಸ್ ವಿಸ್ಟಾದಿಂದ ಮುಂದೆ ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿಯಿಲ್ಲ. ಹಳೆಯ ತಂತ್ರಾಂಶ ನಿಂತುಹೋಗದಿರಲೆಂದು ವಿಂಡೋಸ್ ಸದ್ದಿಲ್ಲದೆ ಆ ಫೈಲನ್ನು ಆ್ಯಪ್‌ಡೇಟಾದ ಲೋಕಲ್ ಒಳಗಿನ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ತಿರುಗಿಸುತ್ತದೆ. ಅದು ಲಾಗಿನ್ ಆದವರ ಸ್ವಂತ ಫೋಲ್ಡರ್ ಆದ್ದರಿಂದ, ಅಂಗಡಿಯಲ್ಲಿ ಬೇರೊಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆದ ಕೂಡಲೇ ‘ಬಿಲ್ಲೆಲ್ಲ ಮಾಯ’ ಎಂಬ ಫೋನು ಬರುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಮೊದಲು ಅಲ್ಲಿ ನೋಡಿ, ರೀ-ಇನ್‌ಸ್ಟಾಲ್ ಮಾತು ಆಮೇಲೆ.

ಪಾಸ್‌ವರ್ಡುಗಳ ವಿಷಯದಲ್ಲಿ ಮಾತ್ರ ಫೋಲ್ಡರ್ ನಕಲು ಸಾಲದು. ವಿಂಡೋಸ್‌ನಲ್ಲಿ ಕ್ರೋಮ್ ಅವನ್ನು ಆ ವಿಂಡೋಸ್ ಖಾತೆಗೇ ಕಟ್ಟಿದ ಕೀಲಿಯಿಂದ ಗೂಢಲಿಪಿ ಮಾಡಿಡುತ್ತದೆ. ಫಾರ್ಮ್ಯಾಟ್ ಆದ ಮೇಲೆ ಅದೇ ಫೋಲ್ಡರನ್ನು ಮರಳಿ ಹಾಕಿದರೆ ಬುಕ್‌ಮಾರ್ಕು ಬರುತ್ತದೆ, ಪಾಸ್‌ವರ್ಡು ತೆರೆಯುವುದಿಲ್ಲ. ಗೂಗಲ್ ಖಾತೆಗೆ ಸಿಂಕ್ ಮಾಡಿಲ್ಲದವರು ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಪಾಸ್‌ವರ್ಡುಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಆ ಫೈಲಿನಲ್ಲಿ ಎಲ್ಲವೂ ಓದಬರುವ ಹಾಗೇ ಇರುವುದರಿಂದ ಹೊಸದಕ್ಕೆ ಸೇರಿಸಿದ ತಕ್ಷಣ ಅಳಿಸಿ. ಫೈರ್‌ಫಾಕ್ಸ್‌ನಲ್ಲಿ ‘ಲಾಗಿನ್ಸ್’ ಫೈಲಿನ ಜೊತೆಗೆ ‘ಕೀ4’ ಎಂಬ ಡೇಟಾಬೇಸ್ ಫೈಲೂ ಬಂದಿರಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ತಂದರೆ ಪ್ರಯೋಜನವಿಲ್ಲ.