ತೌಡಿನ ಜೊತೆ ಹೋದ ಜೀವ

ಸುಗ್ಗಿ ಮುಗಿದ ಮೇಲೆ ಹಾನಗಲ್ಲ ಕಡೆಯ ಅಕ್ಕಿ ಗಿರಣಿಗೆ ಹೋದರೆ ಎರಡು ರಾಶಿ ಕಾಣುತ್ತವೆ. ಬೆಳ್ಳಗಿನ ಅಕ್ಕಿ ಮನೆಗೆ, ಕಂದು ತೌಡು ಎಮ್ಮೆಗೆ. ಆ ತೌಡಿನ ಚೀಲ ಕಂಡಾಗಲೆಲ್ಲ ನನಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಂಗಪುರದ ಚಾಂಗಿ ಸೆರೆಶಿಬಿರದಲ್ಲಿದ್ದ ಯುದ್ಧಕೈದಿಗಳು ನೆನಪಾಗುತ್ತಾರೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಸುಮಾರು 85 ಸಾವಿರ ಸೈನಿಕರು ಶರಣಾದರು, ಅವರಲ್ಲಿ ಹತ್ತಾರು ಸಾವಿರ ಭಾರತೀಯರೂ ಇದ್ದರು. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೈನಿಕರನ್ನು ಚಾಂಗಿಗೆ ನಡೆಸಿದರು. ಅಲ್ಲಿ ಊಟವೆಂದರೆ ಹೆಚ್ಚಾಗಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ. ಕೆಲವೇ ವಾರಗಳಲ್ಲಿ ಕಾಲು ಬಾತವು, ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಕೆಲವರಿಗೆ ಅಂಗಾಲು ಜೋಮು ಹಿಡಿದು ಹೆಜ್ಜೆಯೇ ತಪ್ಪತೊಡಗಿತು. ಇದು ಬೆರಿಬೆರಿ ಎಂಬ ಕಾಯಿಲೆ.

ಅನ್ನ ಉಂಡೂ ಮೈ ಸೋತದ್ದು ಏಕೆ? ಅನ್ನದ ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆಯಾಗುತ್ತದೆ. ಆ ಸಕ್ಕರೆ ಜೀವಕೋಶದೊಳಗೆ ಪೂರ್ತಿ ಉರಿದು ಶಕ್ತಿಯಾಗಲು ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕೇ ಬೇಕು. ಅದಿಲ್ಲದಿದ್ದರೆ ಗಾಳಿಯಾಡದ ಒಲೆಗೆ ಕಟ್ಟಿಗೆ ತುರುಕಿದ ಹಾಗೆ, ಉರಿಗಿಂತ ಹೊಗೆಯೇ ಹೆಚ್ಚು. ಬಿಡುವಿಲ್ಲದೆ ಶಕ್ತಿ ಬೇಡುವ ಹೃದಯ, ನರ, ಮಿದುಳು ಮೊದಲು ಕುಸಿಯುತ್ತವೆ. ಮೈಯಲ್ಲಿ ಥಯಾಮಿನ್ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ, ಎರಡು ಮೂರು ವಾರಕ್ಕೆ ಬರಿದಾಗುತ್ತದೆ. ಕ್ರೂರ ಸಂಗತಿಯೆಂದರೆ, ಬರೀ ಬಿಳಿ ಅನ್ನ ಹೆಚ್ಚು ಉಂಡಷ್ಟೂ ಅದರ ಅಗತ್ಯವೂ ಹೆಚ್ಚುತ್ತದೆ. ಅಕ್ಕಿಕಾಳಿನಲ್ಲಿ ಥಯಾಮಿನ್ ಬಹುಪಾಲು ಇರುವುದು ತೌಡಿನಲ್ಲಿ, ಮೊಳಕೆಯ ಮೂತಿಯಲ್ಲಿ. ಪಾಲಿಶ್ ಮಾಡಿದಾಗ ಉದುರುವುದೂ ಅವೇ. ನಮ್ಮ ಧಾರವಾಡ, ಗದಗಿನ ಮನೆಗಳಲ್ಲಿ ಜೋಳವನ್ನು ಇಡಿಯಾಗಿ ಬೀಸಿಸಿ ರೊಟ್ಟಿ ಬಡಿಯುತ್ತೇವೆ, ಜೊತೆಗೆ ಹೆಸರುಕಾಳು, ಶೇಂಗಾ ಚಟ್ನಿ. ಬಡವರ ತಾಟಿನಲ್ಲೂ ಥಯಾಮಿನ್‌ಗೆ ಕೊರತೆಯಿರಲಿಲ್ಲ.

ಇದೆಲ್ಲ ಆಗ ಗೊತ್ತಿಲ್ಲದ ವಿದ್ಯೆಯಾಗಿರಲಿಲ್ಲ ಎಂಬುದೇ ನನ್ನನ್ನು ಕಾಡುವುದು. ಪಕ್ಕದ ಜಾವಾದಲ್ಲಿ 1890ರ ದಶಕದಲ್ಲೇ ಡಚ್ ವೈದ್ಯ ಐಕ್ಮನ್, ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡುಸಹಿತ ಅಕ್ಕಿ ತಿಂದು ಎದ್ದು ನಿಲ್ಲುವುದನ್ನೂ ಕಂಡಿದ್ದ. 1929ರಲ್ಲಿ ಆತನಿಗೆ ನೊಬೆಲ್ ಬಂತು. ಮಲಯದಲ್ಲೇ ಕುಚ್ಚಲಕ್ಕಿ ಉಣ್ಣುವ ತಮಿಳು ಕೂಲಿಗಳಿಗೆ ಬೆರಿಬೆರಿ ಅಪರೂಪವಾಗಿತ್ತು. ಭತ್ತವನ್ನು ನೆನೆಸಿ ಬೇಯಿಸಿದಾಗ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ.

ಚಾಂಗಿಯ ಕೈದಿ ವೈದ್ಯರಿಗೂ ಮದ್ದು ಗೊತ್ತಿತ್ತು, ಕೈಯಲ್ಲಿ ಇರಲಿಲ್ಲ. ತೌಡು ಸಿಕ್ಕಾಗ ತಿನ್ನಿಸಿದರು, ಯೀಸ್ಟ್ ಬೆಳೆಸಿದರು. ಆಮಶಂಕೆಯಿಂದ ನವೆದ ಕೆಲವರಿಗೆ ಕಣ್ಣುಗುಡ್ಡೆ ಅದುರತೊಡಗಿತು, ವಾಂತಿ ನಿಲ್ಲದಾಯಿತು, ನೆನಪು ಅಳಿಸಿತು. ಸ್ವತಃ ಕೈದಿಯಾಗಿದ್ದ ಡಾ. ಹ್ಯೂ ಡಿ ವಾರ್ಡನರ್ ಅಂಥ 52 ರೋಗಿಗಳ ವಿವರ ಬರೆದಿಟ್ಟರು. ಹೆಚ್ಚಾಗಿ ಕುಡುಕರ ಕಾಯಿಲೆ ಎಂದುಕೊಂಡಿದ್ದ, ಮಿದುಳಿಗೆ ಬಡಿಯುವ ವರ್ನಿಕೆ ರೋಗ ಅದು. ಆದರೆ ಈ ಕೈದಿಗಳು ಮದ್ಯದ ಹನಿ ಕಾಣದೆ ಎಷ್ಟೋ ಕಾಲವಾಗಿತ್ತು. ಥಯಾಮಿನ್ ಚುಚ್ಚಿದಾಗ ಚೇತರಿಸಿಕೊಂಡವರಿದ್ದರು, ಸತ್ತವರ ಮಿದುಳಿನ ಗಾಯಗಳೂ ಅದನ್ನೇ ಹೇಳಿದವು. 1947ರಲ್ಲಿ ಪ್ರಕಟವಾದ ಆ ವರದಿ ಕೊರತೆ ಯಾವುದರದು ಎಂಬುದನ್ನು ಸ್ಪಷ್ಟಗೊಳಿಸಿತು.

ಇಂದು ಬಹುದಿನ ಉಪವಾಸವಿದ್ದವರು, ಕುಡಿತದಿಂದ ಕುಸಿದವರು ಆಸ್ಪತ್ರೆಗೆ ಬಂದರೆ ಗ್ಲೂಕೋಸ್ ಬಾಟಲಿ ಏರಿಸುವ ಮುನ್ನ, ಇಲ್ಲವೇ ಅದರ ಜೊತೆಗೇ, ವೈದ್ಯರು ಥಯಾಮಿನ್ ಚುಚ್ಚುತ್ತಾರೆ.